ಹಿಮದ ಪೆಟ್ಟಿಗೆಯ ಜಗಳ ಯಾವ ದೇಶದ ಕೋರ್ಟಿಗೆ?

“ಒಂದು ಕುರ್ಚಿ ಕೂಡ ಇಲ್ಲ, ಮೇಡಂ! ಈ ದೇಶದಲ್ಲಿ ನನ್ನ ಕಕ್ಷಿದಾರರದ್ದು ಅಂತ ಒಂದು ಕುರ್ಚಿ ಕೂಡ ಇಲ್ಲ!”

ಬೆಲ್‌ಗ್ರೇಡಿನಿಂದ ಬಂದಿದ್ದ ವಕೀಲ ಕ್ರಸ್ತಾಯಿಚ್ ಇದನ್ನು ಹೇಳಿ ಕೂತ ಗತ್ತು ನೋಡಿದರೆ ಕೇಸು ಅಲ್ಲಿಗೇ ಮುಗಿದಿತ್ತು. ಅವನ ಕಕ್ಷಿದಾರ ಡೆನ್ಮಾರ್ಕಿನ ಸ್ಕೋವ್‌ಲುಂಡ್ ಕಂಪನಿ. ನನ್ನ ಕಕ್ಷಿದಾರಳು ನನ್ನ ಸ್ವಂತ ಚಿಕ್ಕಮ್ಮ ನೆವೆನ್ಕಾ. ನಾನು ವಕೀಲಿ ಪರೀಕ್ಷೆ ಪಾಸು ಮಾಡಿ ಆಗಿದ್ದು ಏಳೇ ತಿಂಗಳು, ಒಬ್ಬಳೇ ನಿಂತು ವಾದಿಸುತ್ತಿದ್ದ ಮೊದಲ ಕೇಸು ಇದು. ಪಕ್ಕದಲ್ಲಿದ್ದ ಚಿಕ್ಕಮ್ಮ, “ಇಸಾ, ಒಂಚೂರು ಉಸಿರಾಡು ಮಗಾ” ಅಂದಳು.

ಜಗಳ ಒಂದು ಪೆಟ್ಟಿಗೆಯದು. ಶೂ ಡಬ್ಬಿಯಷ್ಟು ದೊಡ್ಡದು. ರಾಸ್ಪ್‌ಬೆರಿ ಸಾಲಿನ ನಡುವೆ ನೆಟ್ಟರೆ ನೆಲದ ತೇವ, ಗಾಳಿ, ಚಳಿ ಎಲ್ಲ ಅಳೆದು, ಮೊಗ್ಗು ಸುಡುವ ಹಿಮ ಬೀಳುವುದಕ್ಕೆ ನಾಲ್ಕು ತಾಸು ಮುಂಚೆಯೇ ಫೋನಿಗೆ ಕೂಗು ಕಳಿಸುತ್ತದೆ. ಆ ಲೆಕ್ಕಾಚಾರವನ್ನು ಕಟ್ಟಿದ್ದು ಚಿಕ್ಕಮ್ಮ. ಕೆಲಸಕ್ಕಿದ್ದ ರೇಡಿಯೋ ಕಾರ್ಖಾನೆ ಮುಚ್ಚಿದ ಮೇಲೆ ತೋಟಕ್ಕೆ ಬಂದವಳು, ಹದಿನೈದು ವರ್ಷ ಬೆಳಗಿನ ಜಾವ ಎದ್ದು ಸಾಲುಗಳಲ್ಲಿ ಮಂಡಿಯೂರಿ ಕೂತು ಕಲಿತದ್ದು. ಸ್ಕೋವ್‌ಲುಂಡಿನ ಆಸ್ಗರ್ ಥೋರುಪ್ ಬಂದು “ಲೆಕ್ಕ ನಿಮ್ಮದು, ಯಂತ್ರ ನಮ್ಮದು” ಎಂದ. ಜಂಟಿ ವ್ಯವಹಾರ ಹುಟ್ಟಿತು. ಅಡುಗೆಮನೆಯ ಮೇಜಿನ ಮೇಲೆ ಬರೆದ ಮೂರು ಪುಟದ ಒಪ್ಪಂದ. ಜಗಳವಾದರೆ ಯಾವ ದೇಶದ ಕೋರ್ಟಿಗೆ ಹೋಗಬೇಕು ಎಂದು ಅದರಲ್ಲಿ ಒಂದು ಸಾಲೂ ಇಲ್ಲ! ಒಪ್ಪಂದ ಬರೆಯುವಾಗ ಜಗಳದ ಮಾತು ಎತ್ತುವುದು ಅಪಶಕುನ ಅಂದಳಂತೆ ಚಿಕ್ಕಮ್ಮ.

ಈಗ ಆ ಲೆಕ್ಕವೂ ತಮ್ಮದೇ ಎನ್ನುತ್ತಿತ್ತು ಸ್ಕೋವ್‌ಲುಂಡ್. ಏಪ್ರಿಲ್ ಒಂದಕ್ಕೆ ನಮ್ಮೂರು ಅರಿಲ್ಯೆಯ ನಾನೂರು ಪೆಟ್ಟಿಗೆಗಳಿಗೂ ಅವರ ಬೀಗ ಬೀಳಲಿತ್ತು. ಆಮೇಲೆ ಪೆಟ್ಟಿಗೆ ಕೆಟ್ಟರೂ, ತಾನು ಹುಟ್ಟಿಸಿದ್ದನ್ನೇ ಚಿಕ್ಕಮ್ಮ ತೆರೆದು ಸರಿಮಾಡುವ ಹಾಗಿಲ್ಲ.

ನ್ಯಾಯಾಧೀಶೆ ತೆರ್ಜಿಚ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ವಕೀಲರೇ, ಲೆಕ್ಕ ಯಾರದು ಅನ್ನೋದು ಆಮೇಲೆ. ಮೊದಲು ಇದನ್ನ ಕೇಳೋ ಅಧಿಕಾರ ನನಗಿದೆಯಾ ಹೇಳಿ. ಹೊರದೇಶದ ಕಂಪನಿ. ದಾವೆ ಹಾಕಿದ ದಿನ ಇಲ್ಲಿ ಅವರಿಗೊಂದು ವ್ಯವಹಾರದ ನೆಲೆ ಇತ್ತು ಅಂತ ತೋರಿಸಿದ್ರೆ ಕೇಸು ನನ್ನದು. ಇಲ್ದಿದ್ರೆ ನೀವು ಡೆನ್ಮಾರ್ಕಿಗೆ, ಆರ್ಹುಸ್ ಕೋರ್ಟಿಗೆ ಹೋಗಬೇಕಾಗತ್ತೆ. ಎಂಟು ದಿನ ಟೈಮು.”

ಹೊರಗೆ ಬಂದಾಗ ಚಿಕ್ಕಮ್ಮ ಕೋಟಿನ ಗುಂಡಿ ಹಾಕುವುದನ್ನೂ ಮರೆತು ನಿಂತಿದ್ದಳು. “ಆರ್ಹುಸಲ್ಲಿ ನಂಗ್ಯಾರು ಗೊತ್ತು? ಅವರು ಮೊದಲನೇ ತಾರೀಖು ಕೊಡೋ ಹೊತ್ತಿಗೆ ನಮ್ಮಲ್ಲಿ ಹಣ್ಣು ಕೊಯ್ಲು ಮುಗಿದಿರತ್ತೆ. ಇಲ್ಲೇ ಕೇಳಲಿ ಇಸಾ. ಸೋತ್ರೂ ಪರವಾಗಿಲ್ಲ, ನನ್ನ ಮಾತು ನನ್ನ ಭಾಷೇಲಿ ಒಂದ್ಸಲ ಯಾರಾದ್ರೂ ಪೂರ್ತಿ ಕೇಳಲಿ.”

ನಾಲ್ಕು ದಿನ ನಾನು ಹುಡುಕದ ದಾಖಲೆಯಿಲ್ಲ. ನೋಂದಣಿ ಕಚೇರಿಯಲ್ಲಿ ಸ್ಕೋವ್‌ಲುಂಡ್ ಹೆಸರೇ ಇಲ್ಲ. ಭೂಮಿ ಇಲ್ಲ, ವಾಹನ ಇಲ್ಲ. ಐದನೇ ದಿನ ಚಿಕ್ಕಮ್ಮನ ಅಡುಗೆಮನೆಯಲ್ಲಿ ಕಾಫಿಯ ಗಸಿ ನೋಡುತ್ತಾ ಕೂತಿದ್ದಾಗ ಪಕ್ಕದ ತೋಟದ ಮಿಲೋಯೆ ಮಾವ ಕೆಟ್ಟ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ.

“ನೆವೆನ್ಕಾ, ಇದರ ಬ್ಯಾಟರಿ ಸತ್ತಿದೆ. ಮುಂಚೆ ಆದ್ರೆ ಸಂತನ ಕೋಣೆಗೆ ಹೋಗಿ ಹಾಕಿಸ್ಕೊಂಡು ಬರ್ತಿದ್ದೆ. ಜನವರಿಯಿಂದ ಅದಕ್ಕೂ ಬೀಗ.”

“ಮಾವ, ಯಾವ ಸಂತನ ಕೋಣೆ?”

“ಅದೇ, ಸೇತುವೆ ಹತ್ರ, ಚಪ್ಪಲಿ ಅಂಗಡಿ ಇತ್ತಲ್ಲ. ನೀನು ಆವಾಗ ಬೆಲ್‌ಗ್ರೇಡಲ್ಲಿ ಓದ್ತಿದ್ದೆ. ಆಸ್ಗರ್ ಸಂತ ತ್ರಿಫೂನನ ರೊಟ್ಟಿ ತಗೊಂಡಿದ್ದು ಗೊತ್ತಿಲ್ವಾ ನಿಂಗೆ?”

ನನಗೆ ಗೊತ್ತಿರಲಿಲ್ಲ! ಫೆಬ್ರವರಿ ಹದಿನಾಲ್ಕು ನಮ್ಮ ಬೆಳೆಗಾರರ ಸಂತನ ಹಬ್ಬ. ಪಾದ್ರಿ ರೊಟ್ಟಿ ಕತ್ತರಿಸುತ್ತಾರೆ, ಅರ್ಧ ಹಿಡಿದುಕೊಂಡವನು ಮುಂದಿನ ವರ್ಷದ ಯಜಮಾನ. ವರ್ಷವಿಡೀ ಸಂತನ ಪಟ ಅವನ ಮನೆಯಲ್ಲಿರಬೇಕು, ಹಬ್ಬ ಅವನೇ ಮಾಡಬೇಕು. ಎರಡು ವರ್ಷದ ಹಿಂದೆ ಚಿಕ್ಕಮ್ಮ ಹಿಡಿದು ನಿಂತಿದ್ದ ಆ ಅರ್ಧ ರೊಟ್ಟಿಗೆ ಕೈಚಾಚಿದವನು ಆಸ್ಗರ್. ಎಲ್ಲರೂ ನಕ್ಕರಂತೆ. ಅವನು ಮಾತ್ರ ಗಂಭೀರವಾಗಿ, “ಪಟ ಎಲ್ಲಿಡಲಿ? ನನ್ನ ಮನೆ ಡೆನ್ಮಾರ್ಕಲ್ಲಿದೆ” ಎಂದು ಕೇಳಿದನಂತೆ. ಚಿಕ್ಕಮ್ಮ ರೇಗಿಸಿದ್ದಾಳೆ: “ಬಾಗಿಲ ಮೇಲೆ ಹೆಸರಿರೋ ಮನೆ ಬೇಕಪ್ಪಾ. ಇಲ್ದಿದ್ರೆ ಸಂತನಿಗೆ ದಾರಿ ತಪ್ಪತ್ತೆ.” ಆ ಪುಣ್ಯಾತ್ಮ ಅದನ್ನು ನಿಜವೆಂದೇ ನಂಬಿ ಕಂಪನಿಯ ಹೆಸರಿನಲ್ಲಿ ಚಪ್ಪಲಿ ಅಂಗಡಿಯನ್ನು ಬಾಡಿಗೆಗೆ ಹಿಡಿದು, ‘ಸ್ಕೋವ್‌ಲುಂಡ್, ಅರಿಲ್ಯೆ’ ಎಂದು ಹಿತ್ತಾಳೆಯ ಫಲಕ ಹಾಕಿಸಿದ. ಅಲ್ಲೇ ಒಬ್ಬ ಮೆಕ್ಯಾನಿಕ್ಕನನ್ನು ಕೂರಿಸಿದ. ಒಬ್ಬ ಮೆಕ್ಯಾನಿಕ್ಕನನ್ನು ಕೂರಿಸಿದ. ಬೆಳೆಗಾರರು ಅಲ್ಲೇ ಪೆಟ್ಟಿಗೆ ತಗೊಂಡರು, ಅಲ್ಲೇ ಕಾಗದಕ್ಕೆ ಸಹಿ ಹಾಕಿದರು. ಆದರೆ ಅರಿಲ್ಯೆಯಲ್ಲಿ ಒಬ್ಬನೇ ಒಬ್ಬ ಅದನ್ನು ಕಚೇರಿ ಅನ್ನಲಿಲ್ಲ. ಸಂತ ಕೂತ ಜಾಗವನ್ನು ಯಾರು ಕಚೇರಿ ಅಂತಾರೆ?

ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಕಾಫಿ ಚೆಲ್ಲಿತು. “ಚಿಕ್ಕಮ್ಮಾ! ನಾವು ದಾವೆ ಹಾಕಿದ್ದು ಡಿಸೆಂಬರಲ್ಲಿ! ಕೋಣೆ ಮುಚ್ಚಿದ್ದು ಜನವರಿಯಲ್ಲಿ! ದಾವೆ ಹಾಕಿದ ದಿನ ಅವರ ಬಾಗಿಲು ತೆಗೆದಿತ್ತು! ಇದನ್ನ ನಂಗ್ಯಾಕೆ ಹೇಳಲಿಲ್ಲ?”

“ನೀನು ಕಚೇರಿ ಬಗ್ಗೆ ಕೇಳಿದೆ. ಕಚೇರಿ ಎಲ್ಲಿತ್ತು?” ಎಂದ ಚಿಕ್ಕಮ್ಮನ ಮುಖ ಮುಂದಿನ ಕ್ಷಣವೇ ಬಿಗಿಯಿತು. “ಬೇಡ ಇಸಾ. ಅದನ್ನ ಎತ್ತಬೇಡ.”

“ಇದೊಂದೇ ದಾರಿ ಇರೋದು!”

“ನನ್ನ ಕೈಯಿಂದ ರೊಟ್ಟಿ ಇಸ್ಕೊಂಡ ಮನುಷ್ಯ ಅವನು. ನನ್ನ ಮಾತು ನಂಬಿ ಆ ಬಾಗಿಲು ಮಾಡ್ದ. ಈಗ ಅದೇ ಬಾಗಿಲಿಗೆ ಅವನ ಕುತ್ತಿಗೆ ಸಿಗಿಸ್ಲಾ? ಸಂತನ್ನ ಸಾಕ್ಷಿ ಕಟ್ಟೆಗೆ ಹತ್ತಿಸ್ಲಾ?”

“ಅವನು ನಿನ್ನ ಪೆಟ್ಟಿಗೆಗೆ ಬೀಗ ಹಾಕಬಹುದು, ನೀನು ಅವನ ಬಾಗಿಲು ತೋರಿಸಬಾರದಾ?” ಎಂದು ಮಿಲೋಯೆ ಮಾವ ನಡುವೆ ಬಾಯಿ ಹಾಕಿದ. “ಇದೊಳ್ಳೆ ಮರ್ಯಾದೆ ನಿಂದು! ಏಪ್ರಿಲಲ್ಲಿ ನನ್ನ ಮೊಗ್ಗು ಸುಟ್ಟೋದ್ರೆ ನಿನ್ನ ಮರ್ಯಾದೇನ ಜಾಮ್ ಮಾಡಿ ತಿನ್ನಲಾ?”

ಚಿಕ್ಕಮ್ಮ ಆ ಕೆಟ್ಟ ಪೆಟ್ಟಿಗೆಯನ್ನು ಮಡಿಲಿಗೆ ಎಳೆದುಕೊಂಡು ಮುಚ್ಚಳದ ತಿರುಪು ಬಿಚ್ಚತೊಡಗಿದಳು. ನಾಲ್ಕೂ ತಿರುಪು ಬಿಚ್ಚಿದ ಮೇಲೆ ಹೇಳಿದಳು: “ಪೆಟ್ಟಿಗೆ ಕೊಟ್ಟಿದ್ದು, ಸಹಿ ಹಾಕಿದ್ದು ಹೇಳು. ಅದು ವ್ಯವಹಾರ. ಹಬ್ಬದ ಮಾತು, ರೊಟ್ಟಿ ಮಾತು ನಿನ್ನ ಬಾಯಿಂದ ಬರಬಾರದು. ಆಣೆ ಮಾಡು.”

ಮಾಡಿದೆ. ಆಮೇಲೆ ಓಡಿದೆ! ಮೂರು ದಿನದಲ್ಲಿ ಮನೆಮನೆ ತಿರುಗಿ ಅರವತ್ತೊಂದು ಕಾಗದ ಕೂಡಿಸಿದೆ. ಅಟ್ಟದಿಂದ, ಬೀರುವಿನಿಂದ, ಒಂದಂತೂ ಕೋಳಿಮನೆಯ ಕಿಟಕಿಗೆ ಅಂಟಿಸಿದ್ದು! ಎಲ್ಲದರ ಮೇಲೂ ಸೇತುವೆ ಬೀದಿಯ ವಿಳಾಸ, ಸ್ಕೋವ್‌ಲುಂಡ್ ಮುದ್ರೆ.

ಮಾರ್ಚ್ ಹನ್ನೊಂದಕ್ಕೆ ಮತ್ತೆ ಅದೇ ಉಝಿತ್ಸೆಯ ಕೋರ್ಟಿನಲ್ಲಿ ಕ್ರಸ್ತಾಯಿಚ್ ಪಕ್ಕ ಆಸ್ಗರ್ ಕೂತಿದ್ದ. ಉದ್ದನೆಯ, ನಾಚಿಕೆ ಸ್ವಭಾವದ ಮನುಷ್ಯ. ಚಿಕ್ಕಮ್ಮನನ್ನು ಕಂಡು ಎದ್ದು ತಲೆಬಾಗಿದ. ಅವಳು ತಲೆಯಾಡಿಸಿದಳು.

ನಾನು ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟೆ. ಮಿಲೋಯೆ ಮಾವ ಸಾಕ್ಷಿ ಹೇಳಿದ. ಅಲ್ಲಿಗೆ ಎಷ್ಟು ಸಲ ಹೋಗಿದ್ದಿರಿ ಎಂದು ನ್ಯಾಯಾಧೀಶೆ ಕೇಳಿದ್ದಕ್ಕೆ, “ನನ್ನ ಅತ್ತೆ ಮನೆಗಿಂತ ಜಾಸ್ತಿ ಸಲ, ಮೇಡಂ” ಅಂದ.

ಕ್ರಸ್ತಾಯಿಚ್ ನಗುತ್ತಲೇ ಎದ್ದ. “ಮೇಡಂ, ನನ್ನ ಎಳೇ ಸಹೋದ್ಯೋಗಿ ಒಂದು ವಿಷಯ ಮುಚ್ಚಿಟ್ಟಿದ್ದಾರೆ. ಅದು ಕಚೇರಿ ಅಲ್ಲ, ಹಬ್ಬಕ್ಕೆ ಅಂತ ಮಾಡಿದ ಜಾಗ. ಊರಿನ ಸಂತನ ಪಟ ಇಡೋಕೆ ಹಿಡಿದಿದ್ದು. ಜನ ಬರೋವಾಗ ಹೋಗೋವಾಗ ಅಲ್ಲಿ ಕಾಗದ ಗೀಗದ ಕೊಟ್ಟಿರಬಹುದು. ಅಷ್ಟಕ್ಕೆ ಅದು ನೆಲೆ ಆಗತ್ತಾ?”

ಹಬ್ಬದ ಮಾತು ನನ್ನ ಬಾಯಿಂದ ಬರಲಿಲ್ಲ! ಅವನೇ ಎತ್ತಿದ! ನಾನು ಚಿಕ್ಕಮ್ಮನ ಕೈ ಹಿಸುಕಿದೆ. ಆದರೆ ಆ ಮಾತಿಗೆ ತೂಕವಿತ್ತು. ನ್ಯಾಯಾಧೀಶೆ ಪೆನ್ನು ಕೆಳಗಿಟ್ಟು ಯೋಚಿಸತೊಡಗಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಕ್ರಸ್ತಾಯಿಚ್ ಗೆಲ್ಲುತ್ತಿದ್ದನೇನೋ. ಅವನು ನಿಲ್ಲಿಸಲಿಲ್ಲ. “ಬಿಡಿ ಮೇಡಂ, ನಮಗೆಲ್ಲ ಗೊತ್ತಿರೋದೇ. ಹೊರಗಿಂದ ಬಂದೋರು, ಹಳ್ಳಿ ಜನ ಖುಷಿಪಡಲಿ ಅಂತ ಒಂದು ವೇಷ ಹಾಕ್ತಾರೆ. ಎರಡು ಫೋಟೋ ತೆಗೆಸ್ಕೋತಾರೆ. ಥೋರುಪ್ ಯಜಮಾನರಾಗಿದ್ದು ಹೆಸರಿಗಷ್ಟೇ. ಬರೀ ನಾಟಕ.”

ಕುರ್ಚಿ ಕಿರ್ರೆಂದಿತು. ಆಸ್ಗರ್ ಎದ್ದು ನಿಂತಿದ್ದ. ಕಿವಿಯವರೆಗೂ ಕೆಂಪಾಗಿದ್ದ.

“ನಾಟಕ ಅಲ್ಲ” ಎಂದ, ನಮ್ಮ ಭಾಷೆಯಲ್ಲೇ.

“ಆಸ್ಗರ್, ಕೂತ್ಕೊಳ್ಳಿ” ಎಂದು ಕ್ರಸ್ತಾಯಿಚ್ ಹಲ್ಲಿನ ಸಂದಿಯಲ್ಲೇ ಹೇಳಿದ.

“ಇಲ್ಲ, ಕ್ಷಮಿಸಿ. ನಾನು ಯಜಮಾನ ಆಗಿದ್ದೆ. ವರ್ಷ ಪೂರ್ತಿ. ನೂರ ಇಪ್ಪತ್ತು ಜನಕ್ಕೆ ಬಡಿಸಿದ್ದೀನಿ, ಎಲೆಕೋಸಿನ ಸುರುಳಿ ನಾನೇ ಕೂತು ಸುತ್ತಿದ್ದೀನಿ. ಈ ನೆವೆನ್ಕಾ ಪಕ್ಕದಲ್ಲಿ ನಿಂತು ಬೈದಿದ್ದಾಳೆ.”

“ಅಷ್ಟು ದಪ್ಪ ಸುತ್ತಿದ್ರೆ ಬೈದೇ ಇರ್ತಾರಾ?” ಎಂದು ಚಿಕ್ಕಮ್ಮನ ಬಾಯಿಂದ ತಾನಾಗಿ ಬಂತು.

“ನಿಶ್ಶಬ್ದ” ಎಂದು ನ್ಯಾಯಾಧೀಶೆ ಆಸ್ಗರನ ಕಡೆ ವಾಲಿದರು. “ಯಜಮಾನರಾಗಿ ಇನ್ನೇನು ಮಾಡಿದ್ರಿ?”

“ಯಜಮಾನನ ಬಾಗಿಲು ಮುಚ್ಚಬಾರದು ಅಂತ ಪಾದ್ರಿ ಹೇಳಿದ್ರು. ಮುಚ್ಚಲಿಲ್ಲ. ಜನ ಕಷ್ಟ ಹೇಳ್ಕೊಂಡು ಬರ್ತಿದ್ರು.”

“ಎಂಥ ಕಷ್ಟ?”

“ಪೆಟ್ಟಿಗೆ ಕೆಟ್ಟಿದೆ ಅಂತ. ಹೊಸದು ಬೇಕು ಅಂತ. ನಮ್ಮ ಹುಡುಗ ರಿಪೇರಿ ಮಾಡ್ತಿದ್ದ, ನಾನಿದ್ರೆ ನಾನೇ ಸಹಿ ಹಾಕ್ತಿದ್ದೆ.”

“ಯಾರ ಹೆಸರಲ್ಲಿ?”

“ಕಂಪನಿ ಹೆಸರಲ್ಲಿ. ಬಾಗಿಲ ಮೇಲೆ ಕಂಪನಿ ಹೆಸರು ಇದೆಯಲ್ಲ.”

ಕ್ರಸ್ತಾಯಿಚ್ ಕಣ್ಣು ಮುಚ್ಚಿಕೊಂಡ. ತಾನೇನು ಹೇಳಿದೆ ಎಂದು ಆಸ್ಗರನಿಗೆ ಆಗ ಹೊಳೆಯಿತು. ಆದರೂ ಮಾತು ಹಿಂದೆ ತಗೊಳ್ಳಲಿಲ್ಲ. ನ್ಯಾಯಾಧೀಶೆ “ಇದನ್ನೆಲ್ಲ ಬರೆಸಲಾ?” ಎಂದು ಕೇಳಿದಾಗ, “ಬರೆಸಿ. ನಿಜ ಅಲ್ವಾ?” ಎಂದು ಕೂತ.

ಅರ್ಧ ಗಂಟೆಯ ನಂತರ ಆದೇಶ ಓದಿದರು. ಕಂಪನಿ ಹೆಸರಿನ ಬಾಗಿಲು, ಕಂಪನಿಯ ಮುದ್ರೆ, ಕಂಪನಿಯ ಆಳು, ಎರಡು ವರ್ಷದ ವ್ಯವಹಾರ. ಒಳಗೆ ಯಾವ ಪಟವಿತ್ತೆಂಬುದು ಕೋರ್ಟಿಗೆ ಸಂಬಂಧವಿಲ್ಲ. ದಾವೆ ಹಾಕಿದ ದಿನ ನೆಲೆ ಇತ್ತು. ಈ ಕೇಸನ್ನು ಈ ಕೋರ್ಟೇ ಕೇಳುತ್ತದೆ! ಅದು ತೀರ್ಮಾನವಾಗುವವರೆಗೆ ಪೆಟ್ಟಿಗೆಗಳಿಗೆ ಯಾರೂ ಬೀಗ ಹಾಕುವಂತಿಲ್ಲ!

ನಾನು ಕೂಗಿಯೇಬಿಟ್ಟೆ. ನ್ಯಾಯಾಧೀಶೆ ಕನ್ನಡಕ ತೆಗೆದು, “ವಕೀಲರೇ, ನೀವಿನ್ನೂ ಏನೂ ಗೆದ್ದಿಲ್ಲ” ಅಂದರು. ನಿಜವೇ. ಕ್ರಸ್ತಾಯಿಚ್ ಆಗಲೇ ಮೇಲ್ಮನವಿಯ ಮಾತೆತ್ತಿದ್ದ.

ಮೆಟ್ಟಿಲ ಹತ್ತಿರ ಆಸ್ಗರ್ ಚಿಕ್ಕಮ್ಮನಿಗಾಗಿ ಕಾಯುತ್ತಿದ್ದ. “ಲೆಕ್ಕ ನಮ್ಮ ಎಂಜಿನಿಯರುಗಳದ್ದು, ನೆವೆನ್ಕಾ. ನಾನು ಅದನ್ನ ನಂಬ್ತೀನಿ. ಬಿಡಲ್ಲ.”

“ಬಿಡಬೇಡ” ಅಂದಳು ಚಿಕ್ಕಮ್ಮ. “ಅವರನ್ನೂ ಕರ್ಕೊಂಡು ಬಾ. ಅವರಿಗೆ ಹಿಮ ಯಾವಾಗ ಬೀಳತ್ತೆ ಅಂತ ನಾನೇ ಕೇಳ್ತೀನಿ. ನೀನೂ ಕೂತು ಕೇಳಿಸ್ಕೋ.”

ಕಾರು ಹತ್ತಿದ ಮೇಲೆ ಫೋನಿನಲ್ಲಿ ಮಿಲೋಯೆ ಮಾವ ಊರಿಗೆಲ್ಲ ಸುದ್ದಿ ಹಂಚುತ್ತಾ ಕಿರುಚುತ್ತಿದ್ದ. ಚಿಕ್ಕಮ್ಮ ಗಾಡಿ ಓಡಿಸುತ್ತಿದ್ದಳು. ಊರ ಹೊರಗಿನ ಮೊದಲ ತಿರುವು ದಾಟುತ್ತಿದ್ದಂತೆ ಹೇಳಿದಳು:

“ಪೆನ್ನು ಇದ್ಯಾ? ತೆಗಿ. ಮುಂದಿನ ಸಲ ಮೊದಲಿಂದ ಹೇಳಬೇಕು. ಎರಡು ಸಾವಿರದ ಒಂಬತ್ತು, ಏಪ್ರಿಲ್ ಹದಿನೇಳು. ಬೆಳಗ್ಗೆ ಐದೂಕಾಲು. ಗಾಳಿ ಇರಲಿಲ್ಲ. ಮೂರನೇ ಸಾಲಿನ ಕೆಳಗೆ ಮಣ್ಣು ಒದ್ದೆ, ಮೇಲಿನ ಸಾಲಲ್ಲಿ ಒಣ. ಒಣಗಿದ್ದ ಕಡೆ ಮಾತ್ರ ಮೊಗ್ಗು ಕಪ್ಪಾಗಿತ್ತು. ಯಾಕೆ ಗೊತ್ತಾ?”

“ಯಾಕೆ?”

“ಬರ್ಕೋ, ಹೇಳ್ತೀನಿ” ಎಂದು ಅವಳು ಗೇರು ಬದಲಾಯಿಸಿದಳು.