ಉಂಗುರಗಳ ತೂಕ

ಖಾಲಿ ಬಟ್ಟಲನ್ನು ಕಾಯಿಸಿದರೂ ಪರದೆಯ ಮೇಲೆ ಅವೇ ಮೂರು ಗೆರೆಗಳು ಎದ್ದವು: 207, 281, 355. ಕೀರ್ತನ ಪರದೆಗೆ ಬಗ್ಗಿ ಇನ್ನೊಮ್ಮೆ ಓದಿದಳು.

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಆ ಪ್ರಯೋಗಾಲಯದಲ್ಲಿ ಅವಳ ಪಾಲಿಗೆ ಬಂದಿದ್ದು ಮಾಸ್ ಸ್ಪೆಕ್ಟ್ರೋಮೀಟರ್. ಒಡೆದ ಅಣುವಿನ ಚೂರುಗಳನ್ನು ತೂಗಿ ಹೇಳುವ ಯಂತ್ರ. ಚಿಟಿಕೆ ಕ್ಷಾರ ಬೆರೆತರೆ ಸಿಲಿಕೋನಿನ ಉದ್ದನೆಯ ಸರಪಳಿ ಇನ್ನೂರು ಡಿಗ್ರಿಗೇ ಕಳಚಿ ಪುಟ್ಟ ಉಂಗುರಗಳಾಗುತ್ತದೆ ಎಂದು ಮೂರು ತಿಂಗಳಿಂದ ಅವಳು ವಾದಿಸುತ್ತಿದ್ದಳು. ಆ ಮೂರು ಗೆರೆಗಳೇ ಅವಳ ಸಾಕ್ಷಿ.

"ಏನೂ ಇಲ್ದಿರೋ ಬಟ್ಟಲಲ್ಲೂ ಸಾಕ್ಷಿ ಸಿಗ್ತದಲ್ಲಮ್ಮ" ಎಂದರು ಮೇಲ್ವಿಚಾರಕ ನಂದೀಶ್. "ಕೈಗೇನು ಹಚ್ಕೊಂಡ್ ಬಂದೆ?"

"ನಾನೇನೂ ಹಚ್ಕೊಳಲ್ಲ ಸಾರ್. ಅಮ್ಮಂಗೆ ಕ್ರೀಮ್ ಹಚ್ಚಿ ಬಸ್ ಹತ್ದೆ."

ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಅವಳ ತಾಯಿ ಅಶ್ವತ್ಥಮ್ಮನ ಬೆರಳುಗಳು ಬಿಸಿನೀರಿನಲ್ಲಿ ನೆನೆದು ಬಿರಿದಿದ್ದವು. ದಿನವೂ ಮಗಳೇ ಕ್ರೀಮ್ ತಿಕ್ಕಬೇಕು. ಕೀರ್ತನ ಫೋನಿನಲ್ಲಿ ಕ್ರೀಮಿನ ಹೆಸರು ಹುಡುಕಿದಳು. ಅದರಲ್ಲಿ ಬೆರೆತಿದ್ದರ ಪಟ್ಟಿಯ ಎರಡನೇ ಸಾಲಿನಲ್ಲೇ ಸಿಲಿಕೋನ್.

"ಹಂಗಾದ್ರೆ ಮೂರು ತಿಂಗ್ಳು ನಿಮ್ಮಮ್ಮನ ಕ್ರೀಮನ್ನೇ ತೂಗಿದೀಯ."

ಅವಳು ಫ್ರಿಜ್ಜಿನಿಂದ ಒಂದು ಸಣ್ಣ ಸೀಸೆ ತಂದಳು. ಹೆಚ್ಚು ಭಾರವಿರುವ ಬಗೆಯ ಹೈಡ್ರೋಜನ್ ಸೇರಿಸಿ ಮಾಡಿದ ಸಿಲಿಕೋನ್, ಎರಡು ಸಲಕ್ಕಾಗುವಷ್ಟಿತ್ತು. ಇದರ ಉಂಗುರಗಳ ತೂಕವೇ ಬೇರೆ. ಹಾಳೆಯ ಮೇಲೆ 222, 302, 382 ಎಂದು ಬರೆದು ಅವರ ಮುಂದಿಟ್ಟಳು.

"ಮೊದ್ಲು ಕೈ ತೊಳ್ಕೊ."

"ಬೇಡ ಸಾರ್. ಕ್ರೀಮಿಂದು ಕ್ರೀಮಿನ ಜಾಗದಲ್ಲಿ ಬೀಳ್ಲಿ, ನಂದು ನನ್ನ ಜಾಗದಲ್ಲಿ ಬೀಳುತ್ತೆ."

ಕ್ಷಾರ ಬೆರೆಸಿ ಇನ್ನೂರು ಡಿಗ್ರಿಗೆ ಕಾಯಿಸಿದಳು. ಹತ್ತು ನಿಮಿಷಕ್ಕೆ 207 ಬಂತು. ನಂದೀಶ್ ನಕ್ಕರು. ಮರುಗಳಿಗೆ ಅದರ ಪಕ್ಕದಲ್ಲೇ 222 ಎದ್ದಿತು. ಆಮೇಲೆ 302, ಕ್ರೀಮಿನ ಗೆರೆಯನ್ನು ಕುಳ್ಳಾಗಿಸಿ ಪರದೆಯ ತುದಿ ಮುಟ್ಟಿತು. 382 ಬರುವಷ್ಟರಲ್ಲಿ ಕೀರ್ತನ ಕುರ್ಚಿ ಬಿಟ್ಟು ಎದ್ದಿದ್ದಳು.

"ಕ್ಷಾರ ಇಲ್ದೇನೂ ಒಡೀಬಹುದಲ್ಲ" ಎಂದರು ನಂದೀಶ್. ದನಿಯಲ್ಲಿ ಮೊದಲಿನ ಕುಹಕವಿರಲಿಲ್ಲ.

ಸೀಸೆಯಲ್ಲಿ ಉಳಿದಿದ್ದನ್ನು ಈ ಸಲ ಅವರೇ ಬಟ್ಟಲಿಗೆ ಹಾಕಿದರು. ಕ್ಷಾರವಿಲ್ಲ, ಅದೇ ಇನ್ನೂರು ಡಿಗ್ರಿ. ಇಬ್ಬರೂ ಪರದೆಯತ್ತ ಬಗ್ಗಿ ನೋಡಿದರು. ಹಳೆಯ ಗೆರೆಗಳು ಮಂಕಾಗಿ ಬಂದವು. 222 ಇರಬೇಕಾದಲ್ಲಿ ಏನೂ ಇಲ್ಲ. 302 ಇಲ್ಲ. 382ರ ಜಾಗ ನೀರಿನಂತೆ ಸಪಾಟು.

ನಂದೀಶ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕ್ಷಾರ ಹಾಕಿದ್ರೆ ನೂರೈವತ್ತು ಡಿಗ್ರಿಗೂ ಒಡೆಯುತ್ತೇನೋ, ನೋಡಣ."

"ಸೀಸೆ ಖಾಲಿ ಸಾರ್."

"ಮತ್ತಿನ್ನೇನ್ ನಿಂತ್ಕೊಂಡಿದೀಯ, ಇನ್ನೊಂದಕ್ಕೆ ಅರ್ಜಿ ಬರಿ. ನಾನ್ ಸಹಿ ಹಾಕ್ತೀನಿ."