ಸೋದರತ್ತೆಯ ನೆಗಡಿ

ಉಗಾರ ಖುರ್ದದಿಂದ ತೆಲಸಂಗದ ತವರಿಗೆ ಬಂದಾಗಿನಿಂದ ಮಂಗಲಳಿಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ. ಮೂಗು ಸೋರುತ್ತಿತ್ತು, ಗಂಟಲು ಕೆರೆಯುತ್ತಿತ್ತು, ತಲೆ ಭಾರ. ಸೀನು ಬಂದಾಗಲೆಲ್ಲ ಹಿತ್ತಲಿಗೆ ಓಡಿ, ಮುಖ ಒರೆಸಿಕೊಂಡು, ಏನೂ ಆಗದವಳಂತೆ ಒಳಗೆ ಬರುತ್ತಿದ್ದಳು.

ಅಂದು ತಮ್ಮ ಸಮ್ಮೇದನ ಮಗಳಿಗೆ ಹೆಸರಿಡುವ ದಿನ. ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಮೊದಲು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅದಕ್ಕಾಗಿ ಮಂಗಲ ಎಷ್ಟೋ ವರ್ಷ ಕಾದಿದ್ದಳು. ಹೆಸರನ್ನೂ ಅವಳೇ ಆರಿಸಿದ್ದಳು. ಆದರೆ ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಮಿರಜಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಮೊನ್ನೆಯಷ್ಟೇ ಮನೆ ಕಂಡಿತ್ತು.

“ಕೊರೊನಾ ಏನ್ರಿ ಡಾಕ್ಟರ?” ಎಂದು ಹಿಂದಿನ ದಿನ ಉಗಾರದ ದವಾಖಾನೆಯಲ್ಲಿ ಅಂಜುತ್ತ ಕೇಳಿದ್ದಳು.

“ಬರೇ ನೋಡಿ ಹೇಳಾಕ ಬರೂದಿಲ್ರಿ. ಆದ್ರ ಕೊರೊನಾ ಬಳಗದಾಗ ಹಳೇ ಸಾದಾ ವೈರಸ್ಸೂ ಅದಾವ. ಗಟ್ಟಿ ಮಂದಿಗೆ ಹಿಂಗ ನೆಗಡಿ, ಗಂಟಲ ನೋವು, ತುಸು ಜ್ವರ ತಂದು ತಾವ ಹೋಗ್ತಾವ. ಎಳೇ ಕೂಸಿಗೆ ಮಾತ್ರ ಎದಿಗೆ ಇಳೀಬಹುದು. ದೂರ ಇರ್ರಿ.”

ಇಷ್ಟರಲ್ಲಿ ಮಂಗಲ ಗಟ್ಟಿಯಾಗಿ ಹಿಡಿದುಕೊಂಡದ್ದು ‘ತಾವ ಹೋಗ್ತಾವ’ ಎಂಬ ಮಾತೊಂದನ್ನೇ.

ಅವಳ ತಾಯಿ ದುಂಡವ್ವನಿಗೆ ಗುಟ್ಟು ತಿಳಿಯದೆ ಇರಲಿಲ್ಲ. “ನೆಗಡಿ ಯಾರಿಗೆ ಆಗೂದಿಲ್ಲವಾ? ನೀ ಹಿಂದ ಸರದ್ರ ಮಂದಿ ಏನಂದಾರು? ಸೆರಗ ಅಡ್ಡ ಹಿಡದು ಹೇಳಿ ಬಾ,” ಎಂದು ಪಿಸುಗುಟ್ಟಿದಳು.

ಹೆಂಗಸರು ತೊಟ್ಟಿಲ ಸುತ್ತ ನೆರೆದರು. ಪಕ್ಕದ ಮನೆಯ ಭೀಮಾಬಾಯಿ ಜೋಗುಳ ಎತ್ತಿಕೊಂಡಳು. “ಬರ್ರಿ ಅಕ್ಕಾರ,” ಎಂದಳು ಬಾಣಂತಿ ಮಯೂರಿ. ಮಂಗಲ ಬಾಗಿದಳು. ಮುಷ್ಟಿಯಷ್ಟು ಮುಖದ ಕೂಸು ಬಾಯಿ ತೆರೆದು ಮಲಗಿತ್ತು. ಅಷ್ಟರಲ್ಲಿ ಮೂಗಿನ ತುದಿಗೆ ಸೀನು ಬಂತು. ಅವಳು ದಡಕ್ಕನೆ ಹಿಂದೆ ಸರಿದು, ಹೆಂಗಸರನ್ನು ನೂಕಿಕೊಂಡು ಅಂಗಳಕ್ಕೆ ಓಡಿದಳು.

“ಮಯೂರಿ, ನನಗ ನೆಗಡಿ ಆಗೇತಿ. ಮುಚ್ಚಿಟ್ಟಿದ್ದೆ,” ಎಂದಳು ಬಾಗಿಲಾಚೆಯಿಂದ. “ಹೆಸರ ನೀನ ಹೇಳವಾ.” ಅಳು ಬಂತು, ತಡೆಯಲೂ ಹೋಗಲಿಲ್ಲ.

ದುಂಡವ್ವ ಹಣೆ ಚಚ್ಚಿಕೊಂಡಳು. ಮಯೂರಿಯ ಕಣ್ಣಲ್ಲೂ ನೀರಿತ್ತು. “ಮುಂಜಾನಿಂದ ನೋಡಾಕತ್ತೀನ್ರಿ ಅಕ್ಕಾರ. ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ.”

ಒಳಗೆ ಮಯೂರಿಯೇ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು. ಹೊರಗೆ ಮಂಗಲ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಭೀಮಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಬಂದು, ತುಸು ದೂರದಲ್ಲಿ ಕುಳಿತಳು.

“ನನಗೂ ಕೆಮ್ಮ ಐತಿ ನೋಡವಾ. ಯಾರಿಗೂ ಹೇಳಿರಲಿಲ್ಲ,” ಎಂದಳು.

ಅವಳ ಹಿಂದೆಯೇ, ಮೂಗು ಒರೆಸಿಕೊಳ್ಳುತ್ತ, ಇನ್ನಿಬ್ಬರು ಬಂದು ಕಟ್ಟೆ ಹತ್ತಿದರು.