ಅಂಟುವಾಳದಲ್ಲಿ ತೊಳೆದ ಹಾಳೆ

ಬಟ್ಯ ಮತ್ತು ನಾನು ಏಳನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಅವನು ನನಗಿಂತ ನಾಲ್ಕು ತಿಂಗಳು ದೊಡ್ಡವನು. ಆದರೂ ಅವನು ನನ್ನನ್ನು ಚೆನ್ನಪ್ಪಣ್ಣ ಎನ್ನುತ್ತಿದ್ದ, ನಾನು ಅವನನ್ನು ಬಟ್ಯ ಎನ್ನುತ್ತಿದ್ದೆ. ಇದರಲ್ಲೇನೋ ತಪ್ಪಿದೆ ಎಂದು ನನಗೆ ಹೊಳೆದದ್ದು 2013ರ ಜುಲೈಯಲ್ಲಿ. ಅದೂ ಅವನಾಗಿಯೇ ನಿಲ್ಲಿಸಿದ ಮೇಲೆ.

ಹೊಸಂಗಡಿಯ ರೈಲ್ವೇ ಗೇಟಿನ ಹತ್ತಿರ ಮಹಡಿಯ ಮೇಲೆ ನನ್ನ ರೇಡಿಯೋ, ಟಿವಿ ರಿಪೇರಿ ಅಂಗಡಿ. ಇಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನ್ ಮಾಡುತ್ತೇನೆಂದು ಅಲ್ಲಿ ಕೂತು ನಾನು ಮೂರು ವರ್ಷ ಕಳೆದಿದ್ದೆ. ಸಾಧಾರಣ ಹೆಡ್‌ಫೋನಿನಲ್ಲಿ ಆಯಸ್ಕಾಂತ, ತಂತಿಯ ಸುರುಳಿ ಇರುತ್ತದೆ. ಇದರಲ್ಲಿ ಅದಿಲ್ಲ. ತೂತುಗಳಿರುವ ಎರಡು ತಗಡು, ನಡುವೆ ಕೂದಲಿಗಿಂತಲೂ ತೆಳುವಾದ ಪ್ಲಾಸ್ಟಿಕ್ ಹಾಳೆ, ಆ ಹಾಳೆಗೆ ಐನೂರು ವೋಲ್ಟಿನ ವಿದ್ಯುತ್ತು. ಹಾಳೆ ನಡುಗಿದರೆ ಸಂಗೀತ. ಅಂಗಡಿಯಲ್ಲಿ ಕೊಳ್ಳಲು ಹೋದರೆ ನನ್ನಂಥವನ ಒಂದು ವರ್ಷದ ದುಡಿಮೆ ಸಾಲದು. ಕೈಯಲ್ಲೇ ಮಾಡಿದವರು ಈ ತಾಲೂಕಿನಲ್ಲಿ ಯಾರೂ ಇರಲಿಲ್ಲ. ಆ ಒಬ್ಬ ನಾನಾಗಬೇಕಿತ್ತು. ಮಾಡಿ ಮುಗಿಸುವ ಮೊದಲೇ ಊರಿಗೆಲ್ಲ ಹೇಳಿಯೂ ಇದ್ದೆ.

ನನಗೆ ಇನ್ನೊಂದು ಹೆಮ್ಮೆಯಿತ್ತು. ಮೀಂಜದ ವಾಚನಾಲಯದಲ್ಲಿ ತಿಂಗಳಿಗೆ ಎರಡು ಶನಿವಾರ ನಮ್ಮ ಓದಿನ ಬಳಗ ಸೇರುತ್ತಿತ್ತು. ನಿವೃತ್ತ ಅಧ್ಯಾಪಕ ಕಜೆತಾನ್ ಮಾಸ್ಟ್ರು ಅಧ್ಯಕ್ಷರು. ಭೂಮಿ, ಕೂಲಿ, ಜಾತಿ, ಯಾವ ವಿಷಯವೇ ಇರಲಿ, ಗಟ್ಟಿಯಾಗಿ ಓದಿ ಅದರ ಮೇಲೆ ಮಾತಾಡುವವನು ನಾನು. ಪ್ರತಿ ಸಲವೂ ಮೇಜಿನ ಮೇಲೆ ರೆಕಾರ್ಡರ್ ಇಡುತ್ತಿದ್ದೆ. ನನ್ನ ಧ್ವನಿ ನನಗೆ ಬಹಳ ಇಷ್ಟ. ಬಟ್ಯ ಎಲ್ಲರಿಗಿಂತ ಮೊದಲು ಬಂದು ಬೆಂಚು ಹಾಕುತ್ತಿದ್ದ, ಎಲ್ಲರೂ ಹೋದ ಮೇಲೆ ಎತ್ತಿಡುತ್ತಿದ್ದ. ಹಾಕು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದವರೂ ಇರಲಿಲ್ಲ.

ಆ ಏಪ್ರಿಲಿನಲ್ಲಿ ಒಂದು ದಿನ ಬಟ್ಯ ಟೇಬಲ್ ಫ್ಯಾನ್ ಹಿಡಿದುಕೊಂಡು ಅಂಗಡಿಗೆ ಬಂದ. ನಾನು ಗಾಜಿನ ಮೇಲೆ ಹಾಳೆ ಬಿಗಿಯಲು ಒದ್ದಾಡುತ್ತಿದ್ದೆ.

"ಇದು ಎಂತ ಚೆನ್ನಪ್ಪಣ್ಣ, ಪ್ಲಾಸ್ಟಿಕ್ಕಿಗೆ ಇಷ್ಟು ಉಪಚಾರ?"

"ಮಾತಾಡ್ಬೇಡ ಮಾರಾಯ. ಉಸಿರು ತಾಗಿದ್ರೂ ಸುಕ್ಕು ಬೀಳ್ತದೆ."

"ಸುಕ್ಕು ಉಸಿರಿಗಲ್ಲ. ನೀವು ಒಂದೇ ಬದಿಯಿಂದ ಎಳೀತಾ ಬರ್ತಾ ಇದ್ದೀರಿ. ತೆಂಬರೆಗೆ ಹಾಗೆ ಮಾಡಿದ್ರೆ ಚರ್ಮ ಹುಳಿ ತಿಂದವನ ಮುಖದ ಹಾಗೆ ಆಗ್ತದೆ."

ಬಟ್ಯನ ಮನೆಯವರು ಭೂತಕೋಲಕ್ಕೆ ತೆಂಬರೆ ಎಂಬ ಚರ್ಮವಾದ್ಯ ಕಟ್ಟಿ ಬಾರಿಸುವವರು. ನಮ್ಮ ಮನೆಯ ಕೋಲಕ್ಕೂ ಅವನ ಅಪ್ಪ ಬಾರಿಸಿದ್ದರು, ಅಂಗಳದ ಆಚೆಯಲ್ಲಿ ಕೂತು. ಬಟ್ಯ ನನ್ನ ಕೈಯಿಂದ ಹಾಳೆ ತೆಗೆದುಕೊಂಡ. ಒಂದು ಕಡೆ ಎಳೆದು ಅಂಟಿಸಿದ, ಅದರ ಎದುರು ಕಡೆ ಎಳೆದು ಅಂಟಿಸಿದ, ಹೀಗೆ ಸುತ್ತ ಬಂದ. ಕೊನೆಗೆ ಉಗುರಿನಿಂದ ಮೆಲ್ಲ ತಟ್ಟಿದ. ಹಾಳೆ ತಗ್ಗಿನ ಧ್ವನಿಯಲ್ಲಿ ಒಮ್ಮೆ ಗುಂಯ್ಗುಟ್ಟಿತು. ಮೂರು ವರ್ಷದಲ್ಲಿ ನನಗೆ ಆ ಸದ್ದು ಒಮ್ಮೆಯೂ ಸಿಕ್ಕಿರಲಿಲ್ಲ.

"ಬರಿಗೈಯಲ್ಲಿ ಮುಟ್ಟಿದಿಯಲ್ಲ!" ಎಂದೆ. "ಕೈಯ ಜಿಡ್ಡು ತಾಗಿದ ಹಾಳೆ ಇನ್ನು ನಂಗೆ ಬೇಡ."

ಜಿಡ್ಡು ತಾಗಬಾರದೆಂಬುದು ಸುಳ್ಳಲ್ಲ, ಗೊತ್ತಿದ್ದವರೆಲ್ಲ ಹೇಳುವ ಮಾತೇ. ಆದರೆ ಆ ಹಾಳೆಯನ್ನು ಬೆಳಗ್ಗಿನಿಂದ ನಾನೂ ಬರಿಗೈಯಲ್ಲೇ ಮುಟ್ಟಿದ್ದೆ.

"ಹಾಗಾದ್ರೆ ಇದು ನಂಗಿರ್ಲಿ" ಎಂದು ಬಟ್ಯ, ನಾನು ಮೂಲೆಗೆ ಬಿಸಾಡಿದ್ದ ತೂತುತಗಡುಗಳನ್ನೂ ಕೇಳಿಕೊಂಡು ಹೋದ.

ಮೂರು ವಾರದ ಮೇಲೆ ಅವನು ಬಂದಾಗ ಕೈಯಲ್ಲಿ ಒಂದು ಜೊತೆ ಹೆಡ್‌ಫೋನ್ ಇತ್ತು. ಹಲಸಿನ ಮರದ ಬಳೆ, ಹಳೆಯ ಸೀಟಿನ ರೆಕ್ಸಿನಿನ ಮೆತ್ತೆ.

"ಹಾಳೆಗೆ ಎಂತ ಬಳಿದೆ? ಏನೂ ಬಳಿಯದಿದ್ರೆ ಅದರಲ್ಲಿ ಕರೆಂಟ್ ನಿಲ್ಲುವುದಿಲ್ಲ."

"ಬಳಿಯಲಿಲ್ಲ. ಜಿಡ್ಡು ಅಂದ್ರಲ್ಲ, ತೊಳೆದೆ. ಅಮ್ಮ ಕೋಲದ ಕಾಲಿನ ಗಗ್ಗರ ತೊಳೆಯುವ ಅಂಟುವಾಳದ ನೀರಿನಲ್ಲಿ."

ನಾನು ನಕ್ಕೆ. ನಾನಾದರೋ ಪೆನ್ಸಿಲಿನ ಸೀಸ ಅರೆದು, ಹಾಳೆ ಕಪ್ಪಾಗುವವರೆಗೆ ತಿಕ್ಕುತ್ತಿದ್ದವನು. ನಗುತ್ತಲೇ ಅವನದನ್ನು ನನ್ನ ವೋಲ್ಟೇಜ್ ಪೆಟ್ಟಿಗೆಗೆ ಸಿಕ್ಕಿಸಿ, ಒಂದು ಪಿಟೀಲು ಹಾಕಿ, ಕಿವಿಗಿಟ್ಟೆ.

ಕಮಾನು ತಿರುಗುವ ಜಾಗ ಕೇಳಿಸಿತು. ನುಡಿಸುವವನು ಮೂಗಿನಿಂದ ಉಸಿರೆಳೆದದ್ದು ಕೇಳಿಸಿತು. ಅಂಟುವಾಳದ ನೊರೆ ಕಣ್ಣಿಗೆ ಕಾಣದ ಒಂದು ಪದರವಾಗಿ ಹಾಳೆಯ ಮೇಲೆ ಉಳಿದಿತ್ತು. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಅದು ಬೇಕಾದಷ್ಟೇ ವಿದ್ಯುತ್ತನ್ನು ಹಿಡಿದಿಟ್ಟಿತ್ತು. ಹೊರದೇಶದಲ್ಲಿ ಸಾಬೂನಿನ ನೀರು ಬಳಿಯುವವರಿದ್ದಾರೆಂದು ನಾನು ಓದಿದ್ದು ಆಮೇಲೆ. ತೊಳೆದು ಬಾ ಎಂಬಂತೆ ಕಳಿಸಿದವನು ನಾನು. ಅವನು ತೊಳೆದು, ಗೆದ್ದು ಬಂದಿದ್ದ.

"ಹೇಗುಂಟು ಚೆನ್ನಪ್ಪಣ್ಣ?"

"ಪರವಾಗಿಲ್ಲ. ಬಾಸ್ ಕಮ್ಮಿ."

ಬಾಸ್ ಕಮ್ಮಿ ಇರಲಿಲ್ಲ.

ಮನೆಯಲ್ಲಿ ಕೇಳಲು ಅವನಿಗೆ ನನ್ನ ಹಳೆಯ ವೋಲ್ಟೇಜ್ ಪೆಟ್ಟಿಗೆಯನ್ನು ಕೊಟ್ಟೆ. ದೊಡ್ಡ ಮನಸ್ಸು ಎನ್ನಿಸಿಕೊಳ್ಳುವುದೂ ಒಂದು ಚಟ. ಆದರೆ ಅವನು ಪಿಟೀಲಿನ ಮೆಮೊರಿ ಕಾರ್ಡ್ ಕೇಳಿದಾಗ ಕೈ ಮುಂದೆ ಬರಲಿಲ್ಲ. ಅಷ್ಟು ಒಳ್ಳೆಯ ಸಂಗೀತವನ್ನು ನನಗಿಂತ ಚೆನ್ನಾಗಿ ಅವನು ಕೇಳುವುದೇ? ಬದಲಿಗೆ ಓದಿನ ಬಳಗದ ರೆಕಾರ್ಡಿಂಗುಗಳ ಕಾರ್ಡ್ ಕೊಟ್ಟೆ. "ಟೆಸ್ಟಿಗೆ ಮಾತು ಸಾಕು" ಎಂದೆ.

ಆಮೇಲೆ ನಾನು ನನ್ನ ಹೆಡ್‌ಫೋನನ್ನು ನಾಲ್ಕು ಸಲ ಬಿಚ್ಚಿ ಕಟ್ಟಿದೆ. ಪ್ರತಿ ಸಲವೂ ಪೆನ್ಸಿಲಿನ ಸೀಸ. ಅಂಟುವಾಳ ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಇತ್ತು. ಮುಟ್ಟಲಿಲ್ಲ.

ಜುಲೈಯಲ್ಲಿ ವಾಚನಾಲಯದ ವಿಜ್ಞಾನ ಪ್ರದರ್ಶನ ಬಂತು. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ 'ಚೆನ್ನಪ್ಪನವರ ಹೆಡ್‌ಫೋನ್' ಎಂದಿತ್ತು. ಬರೆದವನು ನಾನೇ. ಬೆಳಗ್ಗೆ ಬೆಂಚುಗಳನ್ನು ಹಾಕಿ ಮುಗಿಸಿ ಬಟ್ಯ ಚೀಲದಿಂದ ತನ್ನದನ್ನು ತೆಗೆದ.

"ಅದು ಬೇಡ ಬಟ್ಯ. ಐನೂರು ವೋಲ್ಟ್. ಯಾರಿಗಾದ್ರೂ ಶಾಕ್ ಹೊಡೆದ್ರೆ?"

"ನಿಮ್ಮದರಲ್ಲೂ ಐನೂರೇ ಅಲ್ವಾ?"

"ನನ್ನದು ಓದಿ ಮಾಡಿದ್ದು."

ಅವನು ಮತ್ತೆ ಚೀಲಕ್ಕೆ ಹಾಕಿ ಗೋಡೆಗೊರಗಿ ನಿಂತ. ಹೊರಗೆ ಮಳೆ ಹಿಡಿದಿತ್ತು. ಸಾಲಿನ ಮೊದಲಿಗೆ ಮಗ್ದಲಿನ್ ಟೀಚರ್. ನನ್ನದನ್ನು ಕಿವಿಗಿಟ್ಟವರು ಕೂಡಲೇ ಕಳಚಿದರು.

"ಇದರಲ್ಲಿ ಎಣ್ಣೆಯಲ್ಲಿ ಪೋಡಿ ಕಾಯಿಸುವ ಶಬ್ದ ಬರ್ತದಲ್ಲ ಚೆನ್ನಪ್ಪ!"

ಎಲ್ಲರೂ ನಕ್ಕರು. ನಾನು ಒರೆಸಿದೆ, ತಿರುಗಿಸಿದೆ, ಊದಿದೆ. ಮಳೆಯ ತೇವಕ್ಕೆ ನಾನು ತಿಕ್ಕಿದ ಸೀಸದಿಂದ ಕಿಡಿ ಹಾರುತ್ತಿತ್ತು, ಚಟಚಟ ನಿಲ್ಲಲಿಲ್ಲ. ಕಜೆತಾನ್ ಮಾಸ್ಟ್ರು ಕರೆದರು: "ಬಟ್ಯ, ನಿಂದು ಉಂಟಲ್ಲ? ತಾ ನೋಡುವ."

ಬಟ್ಯ ಬಂದು ತನ್ನದನ್ನು ಪೆಟ್ಟಿಗೆಗೆ ಸಿಕ್ಕಿಸಿದ. ಮೊಬೈಲಿನಲ್ಲಿ ಏನನ್ನೋ ಹುಡುಕಿ, ಒತ್ತಿ, ಹೆಡ್‌ಫೋನನ್ನು ನನ್ನ ಕಡೆ ಚಾಚಿದ.

"ಮೊದಲು ನೀವು ಕೇಳಿ ಚೆನ್ನಪ್ಪಣ್ಣ."

ನನ್ನದೇ ಧ್ವನಿ. ಮೇ ತಿಂಗಳ ಭಾಷಣ. ಮನುಷ್ಯನನ್ನು ದೂರ ಇಡುವ ಎಲ್ಲ ಅಂಗಳಗಳನ್ನೂ ಅಗೆದು ಹಾಕಬೇಕು ಎನ್ನುತ್ತಿದ್ದೆ. ಚಪ್ಪಾಳೆ ಬಿತ್ತು. ಪುಟ ಮಗುಚಿದ ಸದ್ದು. ಆಮೇಲೆ ಫ್ಯಾನಿನ ಗಾಳಿ. ಅಂಗಡಿಯ ಸ್ಪೀಕರಿನಲ್ಲಿ ಹಾಕಿದಾಗ ಈ ಜಾಗದಲ್ಲಿ ಬರೀ ಗಾಳಿಯೇ ಕೇಳುತ್ತಿತ್ತು. ಈಗ ಗಾಳಿಯ ಕೆಳಗಿನಿಂದ ಮಾಸ್ಟ್ರ ಪಿಸುಮಾತು ಎದ್ದು ಬಂತು: "ಮುಂದಿನ ಸಲ ಬಟ್ಯ ಓದಲಿ ಅಲ್ವಾ?"

ಅದಕ್ಕೆ ನನ್ನ ಪಿಸುಮಾತು, ಕಿವಿಗೆ ತುಟಿ ತಾಗಿಸಿ ಹೇಳಿದಷ್ಟು ಸ್ಪಷ್ಟ: "ಅವ ಎಂತಕ್ಕೆ ಓದುವುದು ಮಾಸ್ಟ್ರೇ? ಬೆಂಚು ಎತ್ತಿಡ್ಲಿಕ್ಕೆ ಇರ್ಲಿ."

ಮಾಸ್ಟ್ರು ಮೆಲ್ಲಗೆ ನಕ್ಕದ್ದೂ ಇತ್ತು.

ನಾಚಿಕೆಯಾಯಿತು ಎಂದು ಬರೆದರೆ ನಾನು ಬಚಾವಾಗುತ್ತೇನೆ. ಮೊದಲು ಬಂದದ್ದು ನಾಚಿಕೆಯಲ್ಲ. ಎಷ್ಟು ಚೆಂದ ಮಾಡಿದ್ದಾನೆ ಎಂಬ ಉರಿ. ನನ್ನ ನಾಲಿಗೆ ಹಲ್ಲಿಗೆ ತಾಗಿದ್ದು ಕೂಡ ಕೇಳುವ ಹಾಗೆ ಮಾಡಿದ್ದಾನಲ್ಲ ಎಂಬ ಉರಿ. ಕೇಳಿದವನು ಎರಡು ತಿಂಗಳು ಅದನ್ನು ಹೊತ್ತುಕೊಂಡು, ತಿಂಗಳಿಗೆ ಎರಡು ಶನಿವಾರ ಬಂದು ಬೆಂಚು ಹಾಕಿದ್ದಾನೆ ಎಂಬುದು ಹೊಳೆದದ್ದು ಅದರ ನಂತರ.

ನಾನು ಹೆಡ್‌ಫೋನ್ ಕಳಚಿದೆ. ಕೈ ತಾನಾಗಿಯೇ ಪೆಟ್ಟಿಗೆಯ ಸ್ವಿಚ್ಚಿನ ಮೇಲೆ ಹೋಯಿತು.

"ಹೇಗುಂಟು ಮಾರಾಯ, ಹೇಳು!" ಎಂದರು ಮಾಸ್ಟ್ರು.

ಇದರಲ್ಲೂ ಚಟಚಟ ಎಂದರೆ ಮುಗಿಯುತ್ತಿತ್ತು. ನನ್ನ ಮಾತನ್ನು ನಂಬದವನು ಅಲ್ಲಿ ಒಬ್ಬನೇ ಇದ್ದ.

"ಆಫ್ ಮಾಡ್ಬೇಡ ಚೆನ್ನಪ್ಪ," ಎಂದ ಬಟ್ಯ. ಧ್ವನಿ ಏರಿಸಲಿಲ್ಲ. "ಮಾಸ್ಟ್ರೂ ಕೇಳಲಿ."

ಅವನು ಅಣ್ಣ ಎನ್ನಲಿಲ್ಲ. ನಾನು ಸ್ವಿಚ್ಚಿನಿಂದ ಕೈ ತೆಗೆದೆ.

"ಬಾಸ್ ಕಮ್ಮಿ ಇಲ್ಲ," ಎಂದೆ. "ಅವತ್ತೂ ಇರಲಿಲ್ಲ."

ಮಾಸ್ಟ್ರು ನಗುತ್ತಾ ಹೆಡ್‌ಫೋನ್ ಇಟ್ಟುಕೊಂಡರು. ಬಟ್ಯ ರೆಕಾರ್ಡಿಂಗನ್ನು ಹಿಂದಕ್ಕೆ ಸರಿಸಿ ಒತ್ತಿದ. ಆಮೇಲೆ ಹೋಗಿ ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿ, ನಡುವೆ, ಕಾಲು ಚಾಚಿ ಕೂತ. ಬೆಳಗ್ಗೆ ಆ ಬೆಂಚನ್ನು ಅಲ್ಲಿ ತಂದಿಟ್ಟವನೂ ಅವನೇ. ಅಲ್ಲಿಂದ ಅವನು ಮಾಸ್ಟ್ರ ಮುಖದ ಮೇಲಿನ ನಗುವನ್ನೇ ನೋಡುತ್ತಿದ್ದ. ರೆಕಾರ್ಡಿಂಗಿನ ಚಪ್ಪಾಳೆ ಮುಗಿಯುವವರೆಗೂ ಅದು ಹಾಗೆಯೇ ಇತ್ತು.